ಅಂಜಲ್ ತಲೆಯೊಳಗಿನ ಹುಳ: ಕಿವಿರಿನ ಪರಾವಲಂಬಿಯನ್ನು ಹುಡುಕಿ, ಬಿಡಿಸಿ, ಗುರುತಿಸುವುದು ಹೇಗೆ?

ಮಾರ್ಕೆಟ್ಟಿನಲ್ಲಿ ಅಂಜಲ್ ಮೀನು ತುಂಡು ಮಾಡಿಸುವಾಗ ಮೊದಲು ಬಕೆಟ್ಟಿಗೆ ಬೀಳುವುದು ಕಿವಿರು. ಆಮೇಲೆ ಅದು ಕಾಗೆಗೋ ಬೆಕ್ಕಿಗೋ ಸೇರುತ್ತದೆ. ಈ ಬರಹಕ್ಕೆ ಬೇಕಾಗಿರುವುದು ಆ ಬಕೆಟ್ಟಿನ ಮಾಲೇ.

ಸಮುದ್ರದ ಮೀನುಗಳ ಕಿವಿರಿನ ಎಳೆಗಳ ನಡುವೆ ಒಂದು ಬಗೆಯ ಚಪ್ಪಟೆ ಹುಳ ವಾಸ ಮಾಡುತ್ತದೆ. ಹೆಸರು ಮೊನೊಜೀನಿಯಾ. ಕೆಲವು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಕೆಲವು ಅರ್ಧ ಸೆಂಟಿಮೀಟರ್ ದಾಟುತ್ತವೆ, ಬರಿಗಣ್ಣಿಗೇ ಕಾಣುತ್ತವೆ. ಇವುಗಳ ತಲೆಗಿಂತ ಬಾಲದ ತುದಿ ಸ್ವಾರಸ್ಯ. ಅಲ್ಲಿ ಹ್ಯಾಪ್ಟರ್ ಎಂಬ ಹಿಡಿಕೆ ಇರುತ್ತದೆ. ಅದರಲ್ಲಿ ಕೊಕ್ಕೆಗಳೋ, ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಕ್ಲಾಂಪ್‌ಗಳೋ ಇರುತ್ತವೆ. ಉಸಿರಾಟದ ನೀರು ರಭಸದಿಂದ ಹರಿಯುವ ಜಾಗದಲ್ಲಿ ಈ ಹುಳ ಆ ಹಿಡಿಕೆಯ ಬಲದಲ್ಲೇ ಜೀವನವೆಲ್ಲ ನೇತಾಡಿಕೊಂಡಿರುತ್ತದೆ.

ಹುಳ ಸಿಗುವುದು ಕಷ್ಟವಲ್ಲ. ಹಿಡಿಕೆ ಹರಿಯದಂತೆ ಬಿಡಿಸುವುದು ಕಷ್ಟ. ಹಿಡಿಕೆ ಹರಿದ ಹುಳ ಯಾವ ಜಾತಿಯದು ಎಂದು ಹೇಳುವುದು ಹೆಚ್ಚುಕಡಿಮೆ ಅಸಾಧ್ಯ. ಅದಕ್ಕೇ ಕೆಳಗಿನ ಹಂತಗಳಲ್ಲಿ ಬಿಡಿಸುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಭಯವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಈ ಹುಳಗಳು ಮನುಷ್ಯರಿಗೆ ಅಂಟುವುದಿಲ್ಲ. ಮೀನಿನ ಹೊರಮೈ ಮತ್ತು ಕಿವಿರಿನ ಮೇಲೆ ಬದುಕುವವು ಇವು, ಮಾಂಸದೊಳಗೆ ಇರುವುದಿಲ್ಲ. ಹಸಿ ಮೀನು ತಿಂದವರಿಗೆ ತೊಂದರೆ ಕೊಡುವ ಅನಿಸಾಕಿಸ್ ಬೇರೆಯೇ. ಅದು ದುಂಡು ಹುಳ, ಹೊಟ್ಟೆ ಮತ್ತು ಮಾಂಸದಲ್ಲಿ ಇರುತ್ತದೆ. ಕಿವಿರು ನಿಮ್ಮ ಟೇಬಲ್ಲಿಗೆ, ತಲೆ ಗಸಿಗೆ. ಎರಡೂ ಆರಾಮಾಗಿ ನಡೆಯುತ್ತವೆ.

ಹಂತ 1: ಯಾವ ಮೀನು, ಯಾವಾಗ

ಮೊದಲ ಸಲಕ್ಕೆ ಅಂಜಲ್ ತಗೊಳ್ಳಿ. ಉತ್ತರ ಕನ್ನಡದವರು ಇಸ್ವಾಣ ಅಂತಾರಲ್ಲ, ಅದೇ. ಇದರ ಕಿವಿರು ದೊಡ್ಡದು, ಹುಳವೂ ಕಣ್ಣಿಗೆ ಕಾಣುವಷ್ಟು ದೊಡ್ಡದು. ಅಂಜಲ್ ಬಳಗದ ಮೀನುಗಳಲ್ಲಿ ಪ್ರೈಸಿಯಾ, ಗೊಟೊಕೊಟೈಲಾ ಎಂಬ ಕುಲಗಳ ಹುಳಗಳು ಚೆನ್ನಾಗಿ ಪರಿಚಿತ. ಪ್ರೈಸಿಯಾ ಮಲ್ಟೇ ಎಂಬ ಜಾತಿಯನ್ನು 1945ರಲ್ಲಿ ವಿವರಿಸಿದ್ದು ಚೌಹಾಣ್ ಎಂಬ ಭಾರತೀಯ ವಿಜ್ಞಾನಿ. ಮುಂದೆ 1950ರ ದಶಕದಿಂದ ಉಣ್ಣಿತ್ತಾನ್ ಅವರು ತಿರುವನಂತಪುರದ ಕಡಲ ಮೀನುಗಳ ಕಿವಿರಿನಿಂದ ಹೊಸ ಹೊಸ ಜಾತಿಗಳನ್ನು ಹುಡುಕಿ ಬರೆದರು. ಅಂದರೆ ಇದು ನಮ್ಮ ಅರಬ್ಬೀ ಸಮುದ್ರದಲ್ಲಿ ಹಳೆಯ ಹುಡುಕಾಟವೇ.

ಬಂಗುಡೆ ಅಗ್ಗ, ಆದರೆ ಕಿವಿರು ಚಿಕ್ಕದು. ಕೈ ಪಳಗಿದ ಮೇಲೆ ನೋಡಿ. ಗ್ರೂಪರ್, ಅಂದರೆ ಮಂಗಳೂರಿನವರ ಮುರು ಮೀನಿನಲ್ಲಿ ಹುಳ ಜಾಸ್ತಿ ಇರಬಹುದು, ಆದರೆ ಅವು ಬಹಳ ಸಣ್ಣವು. ಮೈಕ್ರೋಸ್ಕೋಪ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಮೀನು ಎಷ್ಟು ತಾಜಾ ಇದ್ದರೆ ಅಷ್ಟು ಒಳ್ಳೆಯದು. ಮನೆಯಲ್ಲಿ ಅಮ್ಮ ಮುಚ್ಚಳ ಎತ್ತಿ ನೋಡುವ ಪರೀಕ್ಷೆಯೇ ಇಲ್ಲಿಯೂ ಸರಿ. ಕಿವಿರು ಕೆಂಪಗೆ ಹೊಳೆಯುತ್ತಿದ್ದರೆ ಹುಳ ಜೀವಂತ ಇರುವ ಸಾಧ್ಯತೆ ಇದೆ. ಕಂದು ಬಣ್ಣಕ್ಕೆ ತಿರುಗಿ ಲೋಳೆ ಬಂದಿದ್ದರೆ ಬಿಟ್ಟುಬಿಡಿ. ಮೀನಿನಲ್ಲಿ ಬೇಗ ಕೊಳೆಯುವುದು ಕಿವಿರೇ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದೆ. ಆ ದಿನಗಳಲ್ಲಿ ಮಾರ್ಕೆಟ್ಟಿಗೆ ಬರುವುದರಲ್ಲಿ ಐಸಿನಲ್ಲಿ ದೂರದಿಂದ ಬಂದದ್ದೇ ಜಾಸ್ತಿ. ಮಳೆ ಕಳೆದು ದೋಣಿಗಳು ಮತ್ತೆ ಹೋಗಿಬರುವವರೆಗೆ ಕಾಯುವುದು ಒಳ್ಳೆಯದು.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವವರು ಬೇಸರ ಮಾಡಿಕೊಳ್ಳಬೇಡಿ. ಐಸಿನ ಅಂಜಲ್ ತಲೆಯಲ್ಲೂ ಹುಳ ಸಿಗುತ್ತದೆ, ಸತ್ತಿರುತ್ತದೆ ಅಷ್ಟೇ. ಸತ್ತ ಮೇಲೂ ಹಲವು ಹುಳಗಳ ಕ್ಲಾಂಪ್ ಎಳೆಯನ್ನು ಕಚ್ಚಿಕೊಂಡೇ ಇರುತ್ತದೆ.

ಮಾರುವವರ ಹತ್ತಿರ ಕೇಳುವಾಗ ಸ್ವಲ್ಪ ನಯ ಇರಲಿ. "ಅಕ್ಕಾ, ಕಿವಿರು ಬಿಸಾಡ್ಬೇಡಿ, ನನಗೆ ಕೊಡಿ" ಅಂದರೆ ಸಾಕು. ನಾಲ್ಕು ಜನ ಗಿರಾಕಿಗಳ ಎದುರು "ಇದ್ರಲ್ಲಿ ಹುಳ ಇದ್ಯಾ?" ಅಂತ ಕೇಳಿದರೆ ಅವರ ಅವತ್ತಿನ ವ್ಯಾಪಾರಕ್ಕೆ ಕಲ್ಲು ಬಿದ್ದ ಹಾಗೆ. ಮುಂದಿನ ಸಲ ನಿಮಗೆ ಕಿವಿರೂ ಇಲ್ಲ, ಮೀನೂ ಇಲ್ಲ.

ಹಂತ 2: ನಲ್ಲಿ ನೀರು ಮುಟ್ಟಿಸಬೇಡಿ

ನಾನು ಮೊದಲ ಸಲ ಮಾಡಿದ ತಪ್ಪು ಇದೇ. ರಕ್ತ, ಲೋಳೆ ಎಲ್ಲ ಹೋಗಲಿ ಅಂತ ಕಿವಿರನ್ನು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆದೆ. ಆಮೇಲೆ ಒಂದು ಗಂಟೆ ಕಣ್ಣು ಕಿರಿದು ಮಾಡಿಕೊಂಡು ಹುಡುಕಿದರೆ ಸಿಕ್ಕಿದ್ದು ಊದಿಕೊಂಡ ಬಿಳಿ ಚೂರುಗಳು.

ಕಾರಣ ಸರಳ. ಸಮುದ್ರದ ಹುಳದ ಮೈಯಲ್ಲಿ ಉಪ್ಪಿನಂಶ ಜಾಸ್ತಿ. ಸಿಹಿನೀರು ತಾಗಿದ ಕೂಡಲೇ ನೀರು ಒಳಗೆ ನುಗ್ಗುತ್ತದೆ. ಹುಳ ಬೆಳ್ಳಗಾಗಿ ಉಬ್ಬಿ ಸಾಯುತ್ತದೆ. ಮೀನು ಸಾಕುವವರು ಇದನ್ನೇ ಚಿಕಿತ್ಸೆಯಾಗಿ ಬಳಸುತ್ತಾರೆ, ಮೀನನ್ನು ಸ್ವಲ್ಪ ಹೊತ್ತು ಸಿಹಿನೀರಿನಲ್ಲಿ ಅದ್ದುತ್ತಾರೆ. ನಮಗೆ ಬೇಕಾದದ್ದು ಉಲ್ಟಾ.

ಕಡಲ ನೀರು ಸಿಕ್ಕರೆ ಒಂದು ಬಾಟಲಿ ತಂದು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ. ತೂಕದ ಮಾಪಕ ಇಲ್ಲವಾ? ಮಟ್ಟಸವಾಗಿ ಎರಡು ದೊಡ್ಡ ಚಮಚ ಪುಡಿ ಉಪ್ಪು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕೆರೆಯ ಕಾಟ್ಲಾ, ರೋಹುಗಳ ಕಿವಿರು ನೋಡುವವರಿಗೆ ಮಾತ್ರ ಉಪ್ಪು ಬೇಡ. ಅಲ್ಲಿನ ಡ್ಯಾಕ್ಟಿಲೊಗೈರಸ್ ಸಿಹಿನೀರಿನದೇ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಚೂಪು ಕತ್ತರಿ, ಎರಡು ಹೊಲಿಗೆ ಸೂಜಿ (ಪೆನ್ಸಿಲ್ ತುಂಡಿಗೆ ಸಿಕ್ಕಿಸಿ ಹಿಡಿ ಮಾಡಿಕೊಳ್ಳಿ), ಸಣ್ಣ ಪೇಂಟಿಂಗ್ ಬ್ರಷ್, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್, ಎಂಟು ಚಿಕ್ಕ ಬಟ್ಟಲು, ಒಂದು ಕಪ್ಪು ಕಾಗದ. ಶಾಲೆಯ ಮೈಕ್ರೋಸ್ಕೋಪ್ ಸಿಕ್ಕರೆ ಹಬ್ಬ.

ಹಂತ 3: ಕಮಾನುಗಳನ್ನು ಬೇರೆ ಮಾಡುವುದು

ಮೀನಿನ ತಲೆಯ ಒಂದೊಂದು ಬದಿಗೆ ನಾಲ್ಕು ಕಿವಿರಿನ ಕಮಾನು. ಒಟ್ಟು ಎಂಟು. ಮುಚ್ಚಳವನ್ನು ಬುಡದಲ್ಲಿ ಕತ್ತರಿಸಿ ತೆಗೆಯಿರಿ. ಹೊರಗೆ ಮೊದಲು ಕಾಣುವುದು ಒಂದನೇ ಕಮಾನು, ಒಳಗೆ ಹೋದಂತೆ ಎರಡು, ಮೂರು, ನಾಲ್ಕು. ಪ್ರತಿ ಕಮಾನಿನ ಮೇಲಿನ ಮತ್ತು ಕೆಳಗಿನ ತುದಿ ಕತ್ತರಿಸಿ, ಒಂದೊಂದನ್ನೂ ಉಪ್ಪುನೀರಿನ ಬೇರೆ ಬೇರೆ ಬಟ್ಟಲಿಗೆ ಹಾಕಿ. ಬಟ್ಟಲಿಗೆ ಚೀಟಿ ಅಂಟಿಸಿ: ಎಡ 1, ಎಡ 2, ಬಲ 1 ಹೀಗೆ. ಎಲ್ಲವನ್ನೂ ಒಂದೇ ಬಟ್ಟಲಿಗೆ ಸುರಿದರೆ ಹುಳ ಎಲ್ಲಿ ಕೂತಿತ್ತು ಎಂಬುದು ಕೈತಪ್ಪಿ ಹೋಗುತ್ತದೆ.

ಮುಚ್ಚಳದ ಒಳಮೈಯನ್ನೂ ನೋಡಿ. ಅಲ್ಲಿ ಕಿವಿರಿನ ಹಾಗೇ ಕಾಣುವ ಒಂದು ಚಿಕ್ಕ ಗುಚ್ಛ ಇರುತ್ತದೆ, ಅರೆಕಿವಿರು ಅನ್ನಬಹುದು. ಹೊಸಬರು ಅದನ್ನು ಮುಚ್ಚಳದ ಜೊತೆ ಎಸೆದುಬಿಡುತ್ತಾರೆ. ಅಟ್ಲಾಂಟಿಕ್ ಬಂಗುಡೆಯ ಗ್ರೂಬಿಯಾ ಕಾಕ್ಲಿಯರ್ ಎಂಬ ಹುಳ ವಾಸ ಮಾಡುವುದು ಅಲ್ಲೇ.

ಹಂತ 4: ಕಣ್ಣಿಗೆ ಏನು ಕಾಣಬೇಕು?

ಬಟ್ಟಲನ್ನು ಕಪ್ಪು ಕಾಗದದ ಮೇಲಿಡಿ. ಬೆಳಕು ಪಕ್ಕದಿಂದ ಬೀಳಲಿ. ಬ್ರಷ್ಷಿನಿಂದ ಎಳೆಗಳನ್ನು ಒಂದೊಂದಾಗಿ, ಪುಸ್ತಕದ ಹಾಳೆ ತಿರುಗಿಸುವ ಹಾಗೆ, ಬುಡದಿಂದ ತುದಿಗೆ ಸರಿಸಿ.

ಹುಳ ಬೂದು, ಮಾಸಲು ಬಿಳಿ ಅಥವಾ ಕಂದು ಬಣ್ಣದ ಉದ್ದನೆಯ ಚೂರಿನ ಹಾಗೆ ಎರಡು ಎಳೆಗಳ ನಡುವೆ ಅಡಗಿರುತ್ತದೆ. ಜೀವ ಇದ್ದರೆ ನೀಳವಾಗುತ್ತದೆ, ಮತ್ತೆ ಮುದುಡುತ್ತದೆ. ಒಂದು ತುದಿ ಅಲ್ಲಾಡುತ್ತದೆ, ಇನ್ನೊಂದು ತುದಿ ಅಲ್ಲೇ ನಿಂತಿರುತ್ತದೆ. ಹರಿದ ಎಳೆಯ ಚೂರಿಗೂ ಹುಳಕ್ಕೂ ವ್ಯತ್ಯಾಸ ತಿಳಿಯುವುದು ಇಲ್ಲಿ. ಮೈಯೊಳಗೆ ಕಪ್ಪು ಗೆರೆಗಳ ಬಲೆ ಕಂಡರೆ ಇನ್ನೂ ಖಾತ್ರಿ. ಕ್ಲಾಂಪ್ ಇರುವ ಹುಳಗಳು ಮೀನಿನ ರಕ್ತ ಕುಡಿಯುತ್ತವೆ, ಜೀರ್ಣವಾದ ರಕ್ತದ ಕಪ್ಪು ಬಣ್ಣ ಕರುಳಿನಲ್ಲಿ ಉಳಿಯುತ್ತದೆ. ಕೊಕ್ಕೆ ಇರುವ ಸಣ್ಣ ಹುಳಗಳು ಹೆಚ್ಚಾಗಿ ಲೋಳೆ ಮತ್ತು ಮೇಲ್ಪದರ ತಿನ್ನುತ್ತವೆ. ಅವು ಬೆಳ್ಳಗೆ, ಪಾರದರ್ಶಕ.

ಕಿವಿರಿನಲ್ಲಿ ಇವು ಮಾತ್ರ ಇರುವುದಿಲ್ಲ. ಹಿಂದೆ ಎರಡು ದಾರದಂಥ ಮೊಟ್ಟೆ ಚೀಲ ನೇತಾಡುತ್ತಿದ್ದರೆ ಅದು ಕೋಪಿಪಾಡ್, ಸೀಗಡಿಯ ದೂರದ ನೆಂಟ. ಗಟ್ಟಿ ಮೈ, ಹಲವು ಕಾಲು, ಬೆರಳಿನ ಉಗುರಿನಷ್ಟು ದೊಡ್ಡದಿದ್ದರೆ ಐಸೊಪಾಡ್. ಇದನ್ನು ನೋಡಿ ಎಷ್ಟೋ ಜನ ಮೀನು ವಾಪಸ್ ಕೊಡುತ್ತಾರೆ. ಅಲುಗಾಡದ ಹಳದಿ ಗುಳ್ಳೆ ಇದ್ದರೆ ಅದು ಡಿಡಿಮೊಜೋಯಿಡ್ ಎಂಬ ಬೇರೆ ಚಪ್ಪಟೆ ಹುಳದ ಗೂಡು ಇರಬಹುದು, ಅಂಜಲ್ ಮತ್ತು ಕೇದರ್ (ಟ್ಯೂನಾ) ಬಳಗದಲ್ಲಿ ಅವು ಮಾಮೂಲು. ಇವನ್ನೂ ಬರೆದುಕೊಳ್ಳಿ, ಆದರೆ ಬೇರೆ ಪುಟದಲ್ಲಿ.

ಹಂತ 5: ಎಳೆಯಬೇಡಿ, ತಳ್ಳಿ

ಹುಳ ಕಂಡ ಕೂಡಲೇ ಚಿಮಟದಲ್ಲಿ ಹಿಡಿದು ಎಳೆಯಬೇಕು ಅನಿಸುತ್ತದೆ. ಎಳೆದರೆ ಮೈ ನಿಮ್ಮ ಕೈಗೆ, ಹಿಡಿಕೆ ಕಿವಿರಿಗೆ. ಆ ಕ್ಲಾಂಪ್‌ಗಳು ಎಳೆಯ ಮೇಲಿನ ಅತಿ ತೆಳು ಮರಿಪದರಗಳನ್ನು ಒಂದೊಂದಾಗಿ ಕಚ್ಚಿರುತ್ತವೆ. ಮೈ ಹರಿದರೂ ಅವು ಬಿಡುವುದಿಲ್ಲ.

ಸರಿಯಾದ ದಾರಿ ಹೀಗೆ. ಮೊದಲು ಹುಳದ ನಿಂತ ತುದಿ ಯಾವುದು ಎಂದು ಗುರುತಿಸಿ. ಹಿಡಿಕೆ ಇರುವುದು ಅಲ್ಲಿ. ಎಡಗೈ ಸೂಜಿಯಿಂದ ಎಳೆಯನ್ನು ಒತ್ತಿ ಹಿಡಿಯಿರಿ. ಬಲಗೈ ಸೂಜಿಯ ಮೊಂಡು ಬದಿಯನ್ನು ಹಿಡಿಕೆಯ ಕೆಳಗೆ ತೂರಿಸಿ, ಪಕ್ಕಕ್ಕೆ ಮೆಲ್ಲಗೆ ತಳ್ಳಿ. ದೋಸೆ ಕಾವಲಿಯ ಅಂಚಿನಿಂದ ದೋಸೆ ಏಳಿಸುತ್ತೀರಲ್ಲ, ಅದೇ ಕೈ. ಒಂದು ಬದಿಯ ಕ್ಲಾಂಪ್‌ಗಳು ಸಡಿಲವಾದ ಮೇಲೆ ಇನ್ನೊಂದು ಬದಿಗೆ ಹೋಗಿ.

ಬರಲೇ ಇಲ್ಲವಾ? ಹಠ ಮಾಡಬೇಡಿ. ಹುಳ ಕೂತಿರುವ ಎಳೆಯ ತುಂಡನ್ನೇ ಕತ್ತರಿಸಿ ತೆಗೆಯಿರಿ. ತುಂಡು ಎಳೆ ಜೊತೆಗಿದ್ದರೆ ನಷ್ಟವೇನಿಲ್ಲ. ನನಗಂತೂ ಇದೇ ಇಷ್ಟ. ಕ್ಲಾಂಪ್ ಹೇಗೆ ಕಚ್ಚಿದೆ ಅನ್ನುವುದೂ ಕಾಣುತ್ತದೆ.

ಸಣ್ಣ ಹುಳಗಳಿಗೆ, ಉದಾಹರಣೆಗೆ ಗ್ರೂಪರ್ ಕಿವಿರಿಗೆ, ಬೇರೆ ಉಪಾಯ. ಕಮಾನನ್ನು ಮುಚ್ಚಳ ಇರುವ ಬಾಟಲಿಗೆ ಹಾಕಿ, ಸುಮಾರು 60 ಡಿಗ್ರಿ ಬಿಸಿಯ ಉಪ್ಪುನೀರು ಸುರಿದು ಚೆನ್ನಾಗಿ ಕುಲುಕಿ. ಬಿಸಿಗೆ ಹುಳ ಮುದುಡದೆ ನೀಳವಾಗಿಯೇ ಸಾಯುತ್ತದೆ, ಹಿಡಿತ ಬಿಟ್ಟು ಕೆಳಗೆ ಬೀಳುತ್ತದೆ. ತಳದ ಮಡ್ಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬಟ್ಟಲಿಗೆ ಸುರಿದು ಹುಡುಕಿ.

ಹಂತ 6: ಜೀವಂತ ಹುಳ ಮೈಕ್ರೋಸ್ಕೋಪಿನ ಕೆಳಗೆ

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಉಪ್ಪುನೀರು, ಅದರಲ್ಲಿ ಹುಳ, ಮೇಲೆ ತೆಳುಗಾಜು. ಮೊದಲು 40 ಪಟ್ಟು, ಆಮೇಲೆ 100 ಪಟ್ಟು. ಇದಕ್ಕೆ ಅವಸರ ಬೇಡ. ಈ ಹತ್ತು ನಿಮಿಷಕ್ಕಾಗಿಯೇ ಇಷ್ಟೆಲ್ಲ ಪಾಡು ಅಲ್ವಾ?

ಮುಂದಿನ ತುದಿಯಲ್ಲಿ ಬಾಯಿ. ಕ್ಲಾಂಪ್ ಜಾತಿಯಾದರೆ ಬಾಯಿಯ ಒಳಗೆ ಎರಡು ಪುಟ್ಟ ಹೀರುಬಟ್ಟಲು. ಅಲ್ಲಿಂದ ಕರುಳು ಎರಡಾಗಿ ಸೀಳಿ ಹಿಂದಕ್ಕೆ ಹೋಗುತ್ತದೆ. ಎರಡೂ ಬದಿಯಲ್ಲಿ ಕಾಳುಕಾಳಾಗಿ ಕಾಣುವುದು ಮೊಟ್ಟೆಗೆ ಆಹಾರ ಒದಗಿಸುವ ಗ್ರಂಥಿ. ಗಂಡು ಹೆಣ್ಣು ಅಂಗ ಎರಡೂ ಒಂದೇ ಹುಳದಲ್ಲಿ ಇರುತ್ತದೆ. ಅದೃಷ್ಟ ಇದ್ದರೆ ಒಳಗೆ ಒಂದು ಮೊಟ್ಟೆಯೂ ಕಾಣುತ್ತದೆ, ಕದಿರಿನ ಆಕಾರ, ತುದಿಗಳಲ್ಲಿ ಉದ್ದನೆಯ ದಾರ.

ಹಿಂದಿನ ತುದಿಗೆ ಬನ್ನಿ. ಕ್ಲಾಂಪ್ ಎಣಿಸಿ. ಎರಡು ಬದಿಗೂ ಸಮ ಇದೆಯಾ ಅಥವಾ ಒಂದೇ ಬದಿಗೆ ಇದೆಯಾ ನೋಡಿ. ಇದೊಂದು ಪ್ರಶ್ನೆಯ ಹಿಂದೆ ದೊಡ್ಡ ಕಥೆ ಇದೆ. ಇಂಗ್ಲೆಂಡಿನ ಪ್ಲಿಮತ್ ಕಡಲಿನ ಮೀನುಗಳನ್ನು ನೋಡಿ ಲ್ಲೆವೆಲಿನ್ ಎಂಬ ವಿಜ್ಞಾನಿ 1956ರಲ್ಲಿ ಬರೆದ ಅಧ್ಯಯನದಲ್ಲಿ ಹುಳದ ಆಕಾರಕ್ಕೂ ಕಿವಿರಿನಲ್ಲಿ ನೀರು ಹರಿಯುವ ದಿಕ್ಕಿಗೂ ಇರುವ ನಂಟನ್ನು ತೋರಿಸಿದರು. ಹಾರ್ಸ್ ಮ್ಯಾಕೆರಲ್ ಮೀನಿನ ಗ್ಯಾಸ್ಟ್ರೊಕೊಟೈಲ್ ಹುಳಕ್ಕೆ ಒಂದೇ ಬದಿಯಲ್ಲಿ ಕ್ಲಾಂಪ್ ಸಾಲು. ಆ ಬದಿ ಎಡವೋ ಬಲವೋ ಎಂಬುದು ಅದು ಎಳೆಯ ಯಾವ ಮಗ್ಗುಲಲ್ಲಿ ನೆಲೆಸಿತು ಎಂಬುದರ ಮೇಲೆ. ಕಿಟಕಿ ಕಂಬಿ ಹಿಡಿದು ಬಸ್ಸಿನಲ್ಲಿ ನಿಂತವರ ಹಾಗೆ, ಮೈಯೇ ಒಂದು ಕಡೆಗೆ ವಾಲಿ ಬೆಳೆದಿದೆ. ನೀವು ಎಡ, ಬಲ ಎಂದು ಚೀಟಿ ಅಂಟಿಸಿದ್ದು ಇದಕ್ಕೇ.

ಹಂತ 7: ಕಾಪಿಡುವುದು

ಲ್ಯಾಬ್ ಇದ್ದವರು ಹುಳವನ್ನು ತೆಳುಗಾಜಿನ ಕೆಳಗೆ ಹಗುರವಾಗಿ ಚಪ್ಪಟೆ ಮಾಡಿ, ಅಂಚಿನಿಂದ 70% ಆಲ್ಕೋಹಾಲ್ ಹನಿಸಿ ಸಾಯಿಸಿ. ಡಿಎನ್‌ಎ ಪರೀಕ್ಷೆಗೆ ಕೊಡುವುದಿದ್ದರೆ ಚಪ್ಪಟೆ ಮಾಡದೆ ನೇರವಾಗಿ 95% ಎಥನಾಲಿಗೆ ಹಾಕಿ. ಫಾರ್ಮಲಿನ್ ಅದಕ್ಕೆ ಆಗುವುದಿಲ್ಲ. ಮನೆಯಲ್ಲಿ ಫಾರ್ಮಲಿನ್ ಬೇಡವೇ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಮನೆಯವರಿಗೆ ಔಷಧಿ ಅಂಗಡಿಯ 70% ಐಸೊಪ್ರೊಪೈಲ್ ಸಾಕು.

ಬಣ್ಣ ಹಾಕಲು ಅಸಿಟೊಕಾರ್ಮಿನ್ ಬಳಸಿ. ಬಣ್ಣ ಜಾಸ್ತಿ ಆದರೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ 70% ಆಲ್ಕೋಹಾಲಿನಲ್ಲಿ ತಿಳಿ ಗುಲಾಬಿ ಆಗುವವರೆಗೆ ಇಡಿ. ಆಮೇಲೆ 80, 90, 100% ಆಲ್ಕೋಹಾಲಿನಲ್ಲಿ ಒಂದೊಂದರಲ್ಲೂ ಹತ್ತು ಹದಿನೈದು ನಿಮಿಷ. ನಂತರ ಲವಂಗದೆಣ್ಣೆ. ಮೈ ಪಾರದರ್ಶಕ ಆದ ಮೇಲೆ ಕೆನಡಾ ಬಾಲ್ಸಮ್ ಎಂಬ ಪಾರದರ್ಶಕ ಅಂಟಿನಲ್ಲಿ ಕೂರಿಸಿ. ಕ್ಲಾಂಪ್, ಕೊಕ್ಕೆ ಮಾತ್ರ ನೋಡುವುದಿದ್ದರೆ ಬಣ್ಣದ ಗೋಜೇ ಬೇಡ. ಒಂದು ಹನಿ ಗ್ಲಿಸರಿನ್‌ನಲ್ಲಿ ಇಟ್ಟರೆ ಗಟ್ಟಿ ಭಾಗಗಳು ಸ್ಪಷ್ಟ ಕಾಣುತ್ತವೆ.

ಬಾಟಲಿಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ. ಮೀನಿನ ಹೆಸರು, ಉದ್ದ, ಎಲ್ಲಿಯದು, ದಿನಾಂಕ, ಕಮಾನಿನ ಸಂಖ್ಯೆ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಹೆಸರಿಲ್ಲದ ಹುಳ ಯಾರಿಗೂ ಬೇಡ.

ಹಂತ 8: ಯಾವ ಗುಂಪಿನದು?

ಜಾತಿಯವರೆಗೆ ಹೋಗುವುದು ತಜ್ಞರ ಕೆಲಸ. ಗುಂಪು ಹೇಳುವುದು ನಮ್ಮಿಂದ ಆಗುತ್ತದೆ. ಕ್ಲಾಂಪ್ ಸರಿಯಾಗಿ ನಾಲ್ಕು ಜೋಡಿ, ಮೀನು ಬಂಗುಡೆಯ ಬಳಗ ಎಂದಾದರೆ ಕುನಿಯಾ ಇರುವ ಕುಟುಂಬದ ಕಡೆ ನೋಡಿ. ಅಟ್ಲಾಂಟಿಕ್ ಬಂಗುಡೆಯ ಕುನಿಯಾ ಸ್ಕೊಂಬ್ರಿ ಇದಕ್ಕೆ ಒಳ್ಳೆಯ ಮಾದರಿ. ಹತ್ತಾರು ಕ್ಲಾಂಪ್ ಎರಡು ಸಾಲಿನಲ್ಲಿ, ಮೀನು ಅಂಜಲ್ ಎಂದಾದರೆ ಪ್ರೈಸಿಯಾ, ಗೊಟೊಕೊಟೈಲಾ ಕಡೆ. ಕ್ಲಾಂಪೇ ಇಲ್ಲ, ಬದಲಿಗೆ ಎರಡು ಜೋಡಿ ದೊಡ್ಡ ಕೊಕ್ಕೆ, ಅಂಚಿಗೆ ಹದಿನಾಲ್ಕು ಪುಟ್ಟ ಕೊಕ್ಕೆ, ಉದ್ದ ಒಂದು ಮಿಲಿಮೀಟರ್ ಆಸುಪಾಸು ಎಂದಾದರೆ ಡಿಪ್ಲೆಕ್ಟಾನಿಡ್ ಗುಂಪು ಇರಬಹುದು. ಗ್ರೂಪರ್ ಕಿವಿರಿನ ಸ್ಯೂಡೊರಾಬ್ಡೊಸಿನೊಕಸ್ ಈ ಗುಂಪಿನದು. ಹೆಸರು ಹೇಳಲು ನಾಲಿಗೆ ತಿರುಗದಿದ್ದರೂ ಪರವಾಗಿಲ್ಲ.

ಇಲ್ಲಿ ಮೀನಿನ ಹೆಸರು ಇಷ್ಟು ಕೆಲಸಕ್ಕೆ ಬರುವುದು ಏಕೆಂದರೆ, ಇವುಗಳಲ್ಲಿ ಬಹುಪಾಲು ಒಂದೇ ಮೀನಿಗೆ ಅಥವಾ ಒಂದೇ ಬಳಗಕ್ಕೆ ಕಟ್ಟುಬಿದ್ದಿರುತ್ತವೆ. ಮೀನು ತಪ್ಪಾದರೆ ಹುಳವೂ ತಪ್ಪು. ಹಾಗಾಗಿ ಮೀನಿನ ಇಡೀ ಫೋಟೊ ತೆಗೆದಿಡಿ, ತಲೆ ಮಾತ್ರ ಸಿಕ್ಕಿದ್ದರೆ ತಲೆಯದಾದರೂ. ಕೈಗೆ ಎಟುಕದಿದ್ದರೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ ಮೀನಿನ ರೋಗ ಓದಿದವರು ಇರುತ್ತಾರೆ, ಕೇಳಿ ನೋಡಿ.

ಹಂತ 9: ಲೆಕ್ಕ

ಒಂದೇ ಮೀನು ನೋಡಿ ಏನೂ ಹೇಳಲಾಗದು. ಹನ್ನೆರಡು ಅಂಜಲ್ ತಲೆ ನೋಡಿದಿರಿ ಅಂದುಕೊಳ್ಳಿ. ಒಂಬತ್ತರಲ್ಲಿ ಹುಳ ಇತ್ತು, ಒಟ್ಟು 63 ಹುಳ. ಆಗ ಹುಳ ಇರುವ ಮೀನಿನ ಪ್ರಮಾಣ 75%. ಹುಳ ಇರುವ ಒಂದೊಂದು ಮೀನಿಗೆ ಸರಾಸರಿ 7. ನೋಡಿದ ಎಲ್ಲ ಮೀನಿಗೂ ಹಂಚಿದರೆ 5.25. ಈ ಮೂರು ಸಂಖ್ಯೆ ಬೇರೆ ಬೇರೆ, ಕಲಸುಮೇಲೋಗರ ಮಾಡಬೇಡಿ. ಹುಳ ಸಿಗದ ಮೀನನ್ನೂ ಬರೆಯಿರಿ. ಸೊನ್ನೆ ಬರೆಯಲು ಎಲ್ಲರಿಗೂ ಸೋಮಾರಿತನ, ಲೆಕ್ಕ ಕೆಡುವುದು ಅಲ್ಲೇ.

ಹಂತ 10: ಮೊಟ್ಟೆ ಒಡೆಯುವುದನ್ನು ನೋಡಬೇಕಾ?

ಜೀವಂತ ಹುಳ ಸಿಕ್ಕವರಿಗೆ ಮಾತ್ರ ಇದು. ಸೋಸಿದ ಕಡಲ ನೀರಿನ ಚಿಕ್ಕ ಬಟ್ಟಲಿನಲ್ಲಿ ಹುಳವನ್ನು ರಾತ್ರಿ ಇಡಿ. ಹಲವು ಸಲ ಸಾಯುವ ಮೊದಲು ಮೊಟ್ಟೆ ಇಡುತ್ತದೆ. ಹುಳ ತೆಗೆದು, ದಿನಕ್ಕೊಮ್ಮೆ ನೀರು ಬದಲಾಯಿಸಿ. ನಮ್ಮ ಕರಾವಳಿಯ ಸೆಕೆಗೆ ಸುಮಾರು ಒಂದು ವಾರದಲ್ಲಿ ಒಡೆಯಬಹುದು. ಹೊರಬರುವ ಮರಿಯ ಮೈಮೇಲೆ ಪಟ್ಟಿ ಪಟ್ಟಿಯಾಗಿ ಸಣ್ಣ ರೋಮ, ಬುಗುರಿಯ ಹಾಗೆ ತಿರುಗುತ್ತ ಈಜುತ್ತದೆ. ಶಂಖದ ಹುಳು, ಸೀಗಡಿ ಅಂತ ನಡುವೆ ಯಾರ ಮನೆಯಲ್ಲೂ ತಂಗುವುದಿಲ್ಲ. ಸೀದಾ ಮೀನಿಗೇ ಹೋಗಿ ಅಂಟುತ್ತದೆ.

ಕಡಲಿನಲ್ಲಿ ಮೀನು ಚದುರಿರುತ್ತದೆ, ಮರಿಗಳಲ್ಲಿ ಹೆಚ್ಚಿನವು ಸುಮ್ನೆ ಸಾಯುತ್ತವೆ. ಮೀನು ಸಾಕಲು ಕಡಲಿನಲ್ಲಿ ಇಡುವ ಬಲೆಯ ಪಂಜರದಲ್ಲಿ ಸಾವಿರಾರು ಮೀನು ಒತ್ತೊತ್ತಾಗಿ ಇರುತ್ತದೆ. ಅಲ್ಲಿ ಇದೇ ಹುಳ ದೊಡ್ಡ ತಲೆನೋವು. ಆಸ್ಟ್ರೇಲಿಯಾದಲ್ಲಿ ಪಂಜರದ ಯೆಲ್ಲೋಟೇಲ್ ಕಿಂಗ್‌ಫಿಶ್‌ಗೆ (ಇದು ನಮ್ಮ ಅಂಜಲ್ ಅಲ್ಲ) ಜಿಯುಕ್ಸಾಪ್ಟಾ ಸೀರಿಯೋಲೇ ಎಂಬ ಕಿವಿರು ಹುಳ ಕಾಟ ಕೊಡುತ್ತದೆ. ಮೆಡಿಟರೇನಿಯನ್ ಸೀಬ್ರೀಮ್‌ಗೆ ಸ್ಪಾರಿಕೊಟೈಲ್. ರಕ್ತ ಹೀರಿ ಹೀರಿ ಕೆಂಪು ಕಿವಿರು ಬಿಳಿಚಿಕೊಳ್ಳುತ್ತದೆ. ಕಾರವಾರದ ಕಡಲಿನಲ್ಲೂ ಪಂಜರ ಕೃಷಿ ನಡೆದಿದೆ, ಹಾಗಾಗಿ ಇದು ನಮಗೂ ದೂರದ ಮಾತಲ್ಲ. ಪಂಜರ ಇಟ್ಟವರು ನೆನಪಿಡಬೇಕಾದ್ದು ಇಷ್ಟು: ಹೈಡ್ರೋಜನ್ ಪೆರಾಕ್ಸೈಡ್ ಸ್ನಾನಕ್ಕೂ ಸಿಹಿನೀರಿನ ಸ್ನಾನಕ್ಕೂ ದೊಡ್ಡ ಹುಳ ಉದುರುತ್ತದೆ, ಮೊಟ್ಟೆ ಉಳಿಯುತ್ತದೆ. ಮೊಟ್ಟೆಯ ದಾರ ಬಲೆಗೆ, ಬಲೆಯ ಪಾಚಿಗೆ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಮೊಟ್ಟೆ ಒಡೆದ ಮೇಲೆ, ಹೊಸ ಹುಳ ಮೊಟ್ಟೆ ಇಡುವ ಮೊದಲು, ಎರಡನೇ ಸಲ ಚಿಕಿತ್ಸೆ ಮಾಡಬೇಕು. ಬಲೆಯನ್ನೂ ಬದಲಾಯಿಸಬೇಕು. ಔಷಧಿಯ ಪ್ರಮಾಣವನ್ನು ಮೀನು ವೈದ್ಯರಿಂದಲೇ ಕೇಳಿ ತಿಳಿಯಿರಿ.

ಕೆಲಸ ಮುಗಿದ ಮೇಲೆ ಆಲ್ಕೋಹಾಲ್ ತಾಗದ ಕಿವಿರನ್ನು ಉಪ್ಪು ಹೋಗುವಂತೆ ತೊಳೆದು ತೆಂಗಿನ ಬುಡಕ್ಕೆ ಹೂಳಿ. ಒಂದು ಅಡಿ ಆಳ ಇರಲಿ. ಇಲ್ಲದಿದ್ದರೆ ರಾತ್ರಿ ನಾಯಿ ಅಗೆದು, ಬೆಳಿಗ್ಗೆ ಅಂಗಳವನ್ನು ನೀವೇ ಗುಡಿಸಬೇಕಾಗುತ್ತದೆ.